ಅರ್ಧ ತಾಟು, ಒಂದು ಕಿಲೋಮೀಟರ್

ಬಸ್ಸು ಎಂಜಲು ತಿಂದು ಓಡುತ್ತದೆ ಎಂದು ಮೊದಲ ಸಲ ಕೇಳಿದ ದಿನ ನಿಂಬೆವ್ವ ಹಂಚಿನ ಮೇಲಿದ್ದ ರೊಟ್ಟಿಯನ್ನು ಮರೆತು ನಕ್ಕಿದ್ದಳು. ರೊಟ್ಟಿ ಸೀದು ಕರಕಲಾಗಿತ್ತು.

"ಹಂಗಾರ ನಮ್ಮ ಎಮ್ಮಿಗೂ ಒಂದ್ ಲೈಸೆನ್ಸ್ ಮಾಡಿಸಿಕೊಡ್ರಿ ಅಕ್ಕೋರ," ಎಂದಿದ್ದಳು. "ಅದೂ ದಿನಾ ಎಂಜಲಾನ ತಿಂತೈತಿ, ಊರೆಲ್ಲಾ ತಿರಗತೈತಿ."

ಎದುರಿನ ಬೆಂಚಿನ ಮೇಲೆ ಕೂತಿದ್ದ ಡಾ. ಶೈಲಾ ನಾಡಿಗರೂ ನಕ್ಕಿದ್ದರು. ಮೈಸೂರು ಕಡೆಯ ಹೆಂಗಸು, ನಲವತ್ತೈದರ ಆಸುಪಾಸು, ಸೂಕ್ಷ್ಮಜೀವಿಗಳ ಬಗ್ಗೆ ಓದಿದವರು. ಅವತ್ತು ಅವರು ಎರಡು ರೊಟ್ಟಿ ತಿಂದು ಮೂರನೆಯದನ್ನು ಕೇಳಿ ಹಾಕಿಸಿಕೊಂಡಿದ್ದರು. ಕೇಳಿ ಉಣ್ಣುವವರನ್ನು ಕಂಡರೆ ನಿಂಬೆವ್ವನಿಗೆ ಮೊದಲಿನಿಂದಲೂ ಅಕ್ಕರೆ.

ಬಾದಾಮಿಯ ಗುಹೆಗಳನ್ನು ನೋಡಿ ಪಟ್ಟದಕಲ್ಲಿನ ಗುಡಿಗಳ ಕಡೆ ಹೋಗುವ ದಾರಿಯಲ್ಲಿ ಕೆಂಗಲ್ಲು ಕ್ರಾಸ್ ಸಿಗುತ್ತದೆ. ಅಲ್ಲಿ ಒಂದು ಬೇವಿನ ಮರ, ಒಂದು ಪಂಕ್ಚರ್ ಅಂಗಡಿ, ನಿಂಬೆವ್ವನ ಖಾನಾವಳಿ. ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಒಬ್ಬಳೇ ಮಗಳು ಸುಗಲಾ. ಬಸ್ಸುಗಳಿಗೆ ಊಟದ ನಿಲ್ದಾಣ ಬೇಕಾಗಿತ್ತು. ಶೈಲಾ ನಾಡಿಗರು ಅದನ್ನು ಕೇಳಲೆಂದೇ ಬಂದಿದ್ದರು.

"ಹೆಪ್ಪು ಅಂದರೆ ನಿಮಗೆ ಗೊತ್ತೇ ಇದೆಯಲ್ಲ ನಿಂಬೆವ್ವ," ಎಂದು ಅವರು ವಿವರಿಸಿದ್ದರು. "ಒಂದು ಚಮಚ ಮೊಸರು ಒಂದು ಗಡಿಗೆ ಹಾಲನ್ನು ಮೊಸರು ಮಾಡುತ್ತೆ. ಬಸ್ಸಿನ ಹೊಟ್ಟೆಯಲ್ಲೂ ಅಂಥದೇ ಹೆಪ್ಪು. ಬೇಯಿಸಿದ ಅನ್ನ, ರೊಟ್ಟಿ ಕೊಟ್ಟರೆ ತಿಂದು ಕರೆಂಟು ಕೊಡುತ್ತೆ. ಆದರೆ ನಾವು ಅದನ್ನು ಬೆಳೆಸಿದ್ದು ಮನುಷ್ಯರ ಬಾಯೊಳಗಿನ ಜೀವಿಗಳಿಂದ. ಜೊಲ್ಲು ಸೋಕದ ಅನ್ನ ಹಾಕಿದರೆ ಅದಕ್ಕೆ ಅನ್ನ ಅಂತಲೇ ಗೊತ್ತಾಗೋದಿಲ್ಲ. ಎಂಜಲೇ ಆಗಬೇಕು."

"ಎಮ್ಮಿಗಿಂತ ನಾಜೂಕ ಐತಿ ಬಿಡ್ರಿ."

ಬಸ್ಸು ಬಿದಿರುಬುಟ್ಟಿಯಷ್ಟು ಹಗುರ. ಅರ್ಧ ಬಿಟ್ಟ ಒಂದು ತಾಟಿಗೆ ಒಂದು ಕಿಲೋಮೀಟರ್ ಓಡುತ್ತಿತ್ತು. ನಲವತ್ತು ಜನ ಉಂಡು ಬಿಟ್ಟದ್ದನ್ನು ಅದರ ಪಕ್ಕದಲ್ಲಿದ್ದ ಉಕ್ಕಿನ ಬಾಯಿಗೆ ಸುರಿದರೆ ಮುಂದಿನ ಊಟದ ನಿಲ್ದಾಣದವರೆಗೆ ಚಿಂತೆಯಿಲ್ಲ. ಟಿಕೆಟ್ ಇಲ್ಲ, ಹೊಗೆಯಿಲ್ಲ. ದೇಶದ ಈ ತುದಿಯಿಂದ ಆ ತುದಿಗೆ ಒಬ್ಬ ಮನುಷ್ಯ ತನ್ನ ಊಟದ ಖರ್ಚಿನಲ್ಲೇ ಹೋಗಿಬರಬಹುದು. ಯೋಜನೆಗೆ ಕಡತದಲ್ಲಿ ಉದ್ದನೆಯ ಹೆಸರಿತ್ತು. ಜನ ಅದನ್ನು ಉಂಡಾಡಿ ಬಸ್ಸು ಎಂದು ಕರೆದರು, ಅದೇ ಉಳಿಯಿತು.

ಮೊದಲ ವರ್ಷ ನಿಂಬೆವ್ವನ ಪಾಲಿಗೆ ಹಬ್ಬ. ಖಾನಾವಳಿಯ ಹಿಂದೆ ಕೊಳೆಯುತ್ತಿದ್ದ ಮುಸುರೆಯ ಗುಂಡಿ ಒಣಗಿತು, ನೊಣ ಹೋದವು. ಎಂದೂ ಊರು ಬಿಡದವರು ಬಂದರು. ಒಡಿಶಾದ ಬೀಡಿ ಕಟ್ಟುವ ಹೆಂಗಸರು ಎಂಟು ಜನ, ಒಬ್ಬರ ಸೆರಗು ಒಬ್ಬರು ಹಿಡಿದುಕೊಂಡು ಇಳಿದರು. ರಾಜಸ್ಥಾನದ ಒಬ್ಬ ಮುದುಕ ರೊಟ್ಟಿ ಬಡಿಯುವ ಸಪ್ಪಳ ಕೇಳಿ ಒಲೆಯ ಹತ್ತಿರವೇ ಬಂದು ಕೂತ. ಅವನ ಮಾತು ಇವಳಿಗೆ ಬಾರದು, ಇವಳದು ಅವನಿಗೆ ಬಾರದು. ಅವನೂ ಎರಡು ರೊಟ್ಟಿ ಬಡಿದು ತೋರಿಸಿ ಹೋದ. ಸುಗಲಾ ಆಗ ಹದಿನೇಳರ ಹುಡುಗಿ. ಬಡಿಸುತ್ತ ಬಡಿಸುತ್ತ ಎಲ್ಲರ ಊರಿನ ಹೆಸರು ಕೇಳಿ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದುಕೊಳ್ಳುತ್ತಿದ್ದಳು.

"ಅವ್ರೆಲ್ಲಾ ನಮ್ಮೂರ ನೋಡಾಕ ಬರ್ತಾರ. ಅವ್ರೂರ ನಾ ಯಾವಾಗ ನೋಡ್ಲಿಬೇ?" ಎನ್ನುತ್ತಿದ್ದಳು.

"ನೋಡವಂತಿ. ಮೊದಲ ಸಾರ ನೀಡು, ಆರಾಕತ್ತೈತಿ."

ಎರಡನೆಯ ವರ್ಷ ಬಸ್ಸಿನ ಬಾಯಿಯ ಪಕ್ಕದಲ್ಲಿ ಒಂದು ತಕ್ಕಡಿ ಬಂತು. ಹಾಕಿದಷ್ಟು ಎಂಜಲಿಗೆ ಅಷ್ಟು ಕಿಲೋಮೀಟರ್, ಹಾಕಿದವರ ಹೆಸರಿನಲ್ಲೇ ಜಮೆ. ಹೊಸ ಮ್ಯಾನೇಜರ್ ಚಂದ್ರಹಾಸ ಮಾಡಿದ ಏರ್ಪಾಡು. ಜನರಿಗೆ ಉತ್ಸಾಹ ಬರಲಿ ಎಂದು.

ಉತ್ಸಾಹ ಬಂತು. ಒಂದು ಮಧ್ಯಾಹ್ನ ಇಸ್ತ್ರಿ ಮಾಡಿದ ಅಂಗಿಯ ಗಂಡಸೊಬ್ಬ ಎಂಟು ರೊಟ್ಟಿ ತರಿಸಿಕೊಂಡ. ಒಂದೂ ತಿನ್ನಲಿಲ್ಲ. ಒಂದೊಂದನ್ನೇ ಎತ್ತಿ, ಕಾಗದದ ಲಕೋಟೆಗೆ ಅಂಟು ಹಚ್ಚುವವನ ಹಾಗೆ, ಈ ಕಡೆ ಒಮ್ಮೆ ಆ ಕಡೆ ಒಮ್ಮೆ ನೆಕ್ಕಿದ. ನೆಕ್ಕಿ ನೆಕ್ಕಿ ಒಂದರ ಮೇಲೊಂದು ಇಟ್ಟ. ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಬಿಸಿನೀರಲ್ಲಿ ಹಿಟ್ಟು ನಾದಿ, ಅಂಗೈ ಕೆಂಪಾಗುವಂತೆ ಬಡಿದ ರೊಟ್ಟಿಗಳು. ಒದ್ದೆಯಾಗಿ ಹೊಳೆಯುತ್ತಿದ್ದವು. ಅವನು ಎದ್ದು ಹೋಗಿ ಅವನ್ನು ಬಸ್ಸಿನ ಬಾಯಿಗೆ ತುರುಕಿ, ತಕ್ಕಡಿ ನೋಡಿ, ಹೆಂಡತಿಯ ಕಡೆ ತಿರುಗಿ ಹೆಬ್ಬೆರಳು ಎತ್ತಿದ.

ನಿಂಬೆವ್ವ ಬುಟ್ಟಿಯಲ್ಲಿ ಉಳಿದ ರೊಟ್ಟಿಗಳ ಮೇಲೆ ಬಟ್ಟೆ ಎಳೆದು ಮುಚ್ಚಿದಳು.

ಆಮೇಲೆ ಅದು ದಿನದ ಮಾತಾಯಿತು. ಎಣ್ಣೆಗಾಯಿ ಪಲ್ಯಕ್ಕೆ ಐದು ಬೆರಳು ಅದ್ದಿ, ಚೀಪಿ, ಮತ್ತೆ ಅದ್ದುವವರು. ಒಂದೇ ಪಾತ್ರೆಯನ್ನು ನಡುವೆ ಇಟ್ಟುಕೊಂಡು ಸುತ್ತ ಕೂತು ಉಗುಳುವ ಕಾಲೇಜು ಹುಡುಗರು, ಯಾರದು ದೂರ ಬೀಳುತ್ತದೆ ಎಂದು ಪಂದ್ಯ. ಮಗುವಿನ ಬಾಯಿಗೆ ಅನ್ನ ತುಂಬಿ, ನುಂಗುವ ಮೊದಲೇ ಗಲ್ಲ ಒತ್ತಿ ಹೊರತೆಗೆಯುವ ತಾಯಂದಿರು. ಆ ಮಗು ಅತ್ತರೆ ತಾಯಿ ನಕ್ಕು, "ಇನ್ನೂ ಇಪ್ಪತ್ತು ಕಿಲೋಮೀಟರ್ ಚಿನ್ನಾ," ಎನ್ನುತ್ತಿದ್ದಳು. ಬೆಂಚುಗಳ ಮೇಲೆ ನೊರೆ, ನೆಲದ ಮೇಲೆ ಅಗಿದುಬಿಟ್ಟ ಮುದ್ದೆಗಳು. ಕಾಲಿಗೆ ಅಂಟುತ್ತಿದ್ದವು. ನಿಂತ ಬಸ್ಸು ಉಸಿರು ಬಿಡುವಾಗ ಬರುವ ವಾಸನೆಯಂತೂ, ಮೂರು ದಿನ ಜ್ವರ ಬಂದು ಬಾಯಿ ತೊಳೆಯದ ಮಗುವಿನ ಉಸಿರಿನ ಹಾಗೆ, ಬೆಚ್ಚಗೆ ಹುಳ್ಳಗೆ. ಮಗುವಿನದಾದರೆ ಸಹಿಸಬಹುದು. ಇದು ಬೇವಿನ ಮರದ ಎಲೆಗೂ ಹತ್ತಿಕೊಂಡಿತ್ತು.

ಚಂದ್ರಹಾಸ ಗೋಡೆಗೆ ಹೊಸ ಹಲಗೆ ತೂಗುಹಾಕಿಸಿದ: ಉಣ್ಣುವ ಊಟ, ಬಿಡುವ ಊಟ. ಬಿಡುವ ಊಟ ಅಗ್ಗ. ನಿಂಬೆವ್ವ ಅದಕ್ಕೂ ರೊಟ್ಟಿ ಬಡಿದಳು. ಬೇಡವೆಂದರೆ ನಿಲ್ದಾಣ ಬೇರೆಯವರಿಗೆ ಹೋಗುತ್ತಿತ್ತು. ಬಡಿಯುವ ಕೈಗೆ ಯಾವುದು ಯಾರ ಹೊಟ್ಟೆಗೆ ಎಂಬುದು ಗೊತ್ತಾಗಬಾರದೆಂದು ತಲೆ ಬಗ್ಗಿಸಿಯೇ ಬಡಿಯುತ್ತಿದ್ದಳು.

ಬೇಸಿಗೆಯಲ್ಲಿ ಈ ಕಡೆ ಪ್ರವಾಸಿಗರು ಕಡಿಮೆ. ಕೆಂಪು ಬಂಡೆಗಳು ಕಾದು, ಮಲಪ್ರಭೆ ಬತ್ತಿ, ನಾಯಿಗಳೂ ನೆರಳು ಬಿಟ್ಟು ಬರುವುದಿಲ್ಲ. ಬಸ್ಸುಗಳು ಖಾಲಿ. ಹೆಪ್ಪು ಮಾತ್ರ ಖಾಲಿ ಹೊಟ್ಟೆಯಲ್ಲಿ ಬದುಕುವುದಿಲ್ಲ. ಅದಕ್ಕೆಂದು ಮೂರನೆಯ ವರ್ಷ ಚಳಿಗಾಲದಲ್ಲೇ ಡಿಪೋದಲ್ಲಿ ಬಾಯಿ ವಿಭಾಗ ಎಂದು ಹೊಸದಾಗಿ ತೆರೆದು ಒಂಬತ್ತು ಜನರನ್ನು ತೆಗೆದುಕೊಂಡರು. ಕೆಲಸ ಇಷ್ಟೇ: ಅಗಿಯಬೇಕು, ಉಗುಳಬೇಕು. ಎಂಟು ತಾಸು. ಸಂಬಳದ ಜೊತೆ ಕಿಲೋಮೀಟರ್ ಜಮೆ.

ಸುಗಲಾ ಸಮವಸ್ತ್ರ ಹಾಕಿಕೊಂಡು ಬಂದು ನಿಂತಳು. ಈಗ ಇಪ್ಪತ್ತರವಳು.

"ಹನ್ನೆರಡ್ ಸಾವಿರ ಕಿಲೋಮೀಟರ್ ಆದ್ರ ಒಂದ್ ಸುತ್ತು, ಇಡೀ ದೇಶ," ಎಂದಳು. "ಗೋಡಿ ಮ್ಯಾಲಿನ ಊರ ಒಂದೂ ಬಿಡಂಗಿಲ್ಲ ನಾ."

"ಬ್ಯಾರೆ ಕೆಲಸ ಇಲ್ಲೇನ ನಿನಗ? ಉಗುಳಾಕ ಸಂಬಳ ತಗೊಂತಿ?"

"ನೀ ಉಗುಳೋರಿಗಿ ರೊಟ್ಟಿ ಬಡೀತಿ. ನಾ ಉಗುಳತೀನಿ. ಇಬ್ರೂ ಒಂದ ಬಸ್ಸಿನ್ಯಾಗ ಅದೀವಿ ತಗೋ."

ನಿಂಬೆವ್ವ ಹಿಟ್ಟಿನ ಕಡೆ ತಿರುಗಿ ಇನ್ನೊಂದು ರೊಟ್ಟಿ ಬಡಿಯತೊಡಗಿದಳು.

ಎರಡನೆಯ ತಿಂಗಳಲ್ಲಿ ಮಗಳು ಊಟಕ್ಕೆ ಕೂತಾಗ ಅದು ತಾಯಿಯ ಕಣ್ಣಿಗೆ ಬಿತ್ತು. ತುತ್ತು ಬಾಯಿಗಿಟ್ಟು ಅಗಿಯುತ್ತಾಳೆ. ಅಗಿಯುತ್ತಾಳೆ. ನೋಟ ಎಲ್ಲೋ ಇರುತ್ತದೆ. ಎಣಿಸಿದ ಹಾಗೆ ಅರ್ಧ ನಿಮಿಷಕ್ಕೆ ತಲೆ ಬಗ್ಗುತ್ತದೆ, ತುತ್ತು ತಾಟಿನ ಅಂಚಿಗೆ ಬೀಳುತ್ತದೆ. ಆಮೇಲೆ ಸುಗಲಾ ಅದನ್ನು ನೋಡಿ ಬೆಚ್ಚುತ್ತಾಳೆ.

"ಮರತೆ," ಎಂದಳು ಮೊದಲ ಸಲ, ನಗುತ್ತ.

ನಾಲ್ಕನೆಯ ತಿಂಗಳಿಗೆ ನಗು ಇರಲಿಲ್ಲ. ನುಂಗಲೆಂದು ಗಂಟಲು ಬಿಗಿಹಿಡಿದರೆ ಕಣ್ಣಲ್ಲಿ ನೀರು ಬಂದು, ಕತ್ತಿನ ನರ ಉಬ್ಬಿ, ಕೊನೆಗೆ ವಾಂತಿಯಾಗುತ್ತಿತ್ತು. ಅಂಬಲಿ, ಮಜ್ಜಿಗೆ ಮಾತ್ರ ಇಳಿಯುತ್ತಿದ್ದವು, ಅವೂ ಗುಟುಕು ಗುಟುಕಾಗಿ. ತಾಲೂಕು ಆಸ್ಪತ್ರೆಯ ವೈದ್ಯ ಗಂಟಲೊಳಗೆ ಬೆಳಕು ಬಿಟ್ಟು ನೋಡಿ, ಏನೂ ದೋಷವಿಲ್ಲ ಎಂದ. ದೋಷ ಗಂಟಲಿನದಲ್ಲ ಎಂದು ನಿಂಬೆವ್ವನಿಗೂ ಗೊತ್ತಿತ್ತು. ಅದು ಕಲಿಸಿದ್ದನ್ನು ಕಲಿತಿತ್ತು, ಅಷ್ಟೇ. ಮಗಳ ಸಮವಸ್ತ್ರವನ್ನು ಎರಡು ಸಲ ಒಳಗೆ ಹಿಡಿದು ಹೊಲಿದಳು. ಮೂರನೆಯ ಸಲ ಹಿಡಿಯಲು ಬಟ್ಟೆಯೇ ಹೆಚ್ಚು, ಮೈ ಕಡಿಮೆ ಎನಿಸಿ ಸೂಜಿ ಕೆಳಗಿಟ್ಟಳು.

ಮರುದಿನ ಬೆಳಿಗ್ಗೆ ಒಲೆ ಹಚ್ಚದೆ ಡಿಪೋಗೆ ಹೋದಳು.

ನಿಯಂತ್ರಣ ಕೊಠಡಿ ತಂಪಾಗಿತ್ತು, ಕೆಮ್ಮಲೂ ಸಂಕೋಚವಾಗುವಷ್ಟು ಚೊಕ್ಕಟ. ಒಂದು ಗೋಡೆ ತುಂಬ ಪರದೆಗಳು. ಒಂದೊಂದು ಪರದೆಯಲ್ಲಿ ಒಂದೊಂದು ಬಸ್ಸಿನ ಹೊಟ್ಟೆ. ತುಂಬಿದ್ದರೆ ಹಸಿರು, ಹಸಿವಾದರೆ ಹಳದಿ, ಸಾಯುವ ಹಾಗಿದ್ದರೆ ಕೆಂಪು. ಚಂದ್ರಹಾಸ ತಿರುಗುಕುರ್ಚಿಯಲ್ಲಿ ಅತ್ತಿತ್ತ ತಿರುಗುತ್ತ ಮೈಕಿನಲ್ಲಿ ಹೇಳುತ್ತಿದ್ದ: "ಹದಿಮೂರನೇ ಬಸ್ಸು ಹಳದಿ. ಮೂರು ಬಾಯಿ ಆ ಕಡೆ ಹಾಕಿ."

"ಬಾಯಿ ಅಂದ್ರ ಯಾರ್ರಿ ಸಾಹೇಬ್ರ?" ಎಂದಳು ನಿಂಬೆವ್ವ ಬಾಗಿಲಲ್ಲೇ ನಿಂತು. "ಅವಕ್ಕ ಹೆಸರಿಲ್ಲೇನ್ರಿ?"

ಶೈಲಾ ನಾಡಿಗರು ಎದ್ದು ಬಂದು ಅವಳನ್ನು ಕೂಡಿಸಿದರು. ವಿಷಯ ಕೇಳಿದರು. ಕೇಳುತ್ತ ಕೇಳುತ್ತ ಕನ್ನಡಕ ತೆಗೆದು ಒರೆಸಿಕೊಂಡರು.

"ಕೃತಕ ಜೊಲ್ಲಿನ ಮೇಲೆ ಕೆಲಸ ನಡೀತಾ ಇದೆ ನಿಂಬೆವ್ವ. ಇನ್ನೊಂದು ವರ್ಷ. ಅಲ್ಲಿಯವರೆಗೆ ಇದು ತಾತ್ಕಾಲಿಕ."

"ಒಂದ್ ವರ್ಷ ಉಣ್ಣದ ಯಾರರ ಇರ್ತಾರೇನ್ರಿ ಅಕ್ಕೋರ? ನೀವು ನೋಡೀರೇನ ಅವ್ರು ಕೆಲಸ ಮಾಡೂದು?"

ಅವರು ನೋಡಿರಲಿಲ್ಲ. ಪಕ್ಕದ ಕೋಣೆಯೇ ಆಗಿತ್ತು. ವರದಿಯಲ್ಲಿ ಅದು ಒಂದು ಸಾಲಾಗಿ ಬರುತ್ತಿತ್ತು: ಪೂರಕ ಜೊಲ್ಲು, ದಿನಕ್ಕೆ ಇಷ್ಟು ಲೀಟರ್.

ಇಬ್ಬರೂ ಹೋಗಿ ಗಾಜಿನಾಚೆ ನಿಂತರು. ಒಂಬತ್ತು ಸ್ಟೂಲುಗಳು ಗೋಡೆಗೆ ಮುಖ ಮಾಡಿದ್ದವು. ಒಬ್ಬರ ಬಾಯಿ ಒಬ್ಬರು ನೋಡಿದರೆ ಹೊಟ್ಟೆ ತೊಳಸುತ್ತದೆಂದು ಹಾಗೆ. ಪ್ರತಿಯೊಬ್ಬರ ಮುಂದೆ ಒಂದು ಬಟ್ಟಲು, ಒಂದು ಉಕ್ಕಿನ ಆಲಿಕೆ, ಒಂದು ಪುಟ್ಟ ದೀಪ. ದೀಪ ಹತ್ತಿದಾಗ ಒಂಬತ್ತು ತಲೆಗಳು ಒಟ್ಟಿಗೆ ಬಗ್ಗಿದವು. ಆಲಿಕೆಗಳೊಳಗೆ ಬಿಳಿ ನೊರೆ ಜಾರಿತು, ದಾರದಂತೆ ಎಳೆದುಕೊಂಡು, ತುಂಡಾಗದೆ. ಒಬ್ಬ ಹೆಂಗಸು ಗದ್ದವನ್ನು ತೋಳಿಗೆ ಒರೆಸಿಕೊಂಡಳು. ಒಂಬತ್ತು ಕೈಗಳು ಬಟ್ಟಲಿಗೆ ಹೋದವು. ಏಳನೆಯದು ಸುಗಲಾಳದು. ದವಡೆ ಮಾತ್ರ ಚಲಿಸುತ್ತಿತ್ತು. ಮುಖ ಅದರ ಮೇಲೆ ಸುಮ್ಮನೆ ಕೂತಿತ್ತು.

ನಿಂಬೆವ್ವ ಬಟ್ಟಲುಗಳಲ್ಲಿದ್ದುದನ್ನು ನೋಡಿದಳು. ಕುದಿಸಿದ ಜೋಳ. ಕಾಳು ಒಡೆಯದ ಹಾಗೆ, ಸಣ್ಣ ಉರಿಯಲ್ಲಿ, ಮುಚ್ಚಳ ಅರ್ಧ ಸರಿಸಿ ಬೇಯಿಸಿದ್ದು. ಹಾಗೆ ಬೇಯಿಸುವವಳು ಆ ಸೀಮೆಯಲ್ಲಿ ಒಬ್ಬಳೇ. ಡಿಪೋದಿಂದ ದಿನಾ ಒಂದು ದೊಡ್ಡ ಪಾತ್ರೆ ಜೋಳ ಕುದಿಸಿ ಕಳಿಸಲು ಹೇಳಿದ್ದರು, ಬಸ್ಸಿನ ಟ್ಯಾಂಕಿಗೆ ಎಂದು. ಐದು ತಿಂಗಳಿಂದ ಕಳಿಸುತ್ತಿದ್ದಳು.

ಅವಳು ಅಲ್ಲಿಯೇ ಗೋಡೆಗೆ ಒರಗಿದಳು. ಶೈಲಾ ನಾಡಿಗರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ತಿರುಗಿ ನಿಂತಿದ್ದರು.

"ಇನ್ನ ಕುದಿಸಂಗಿಲ್ರಿ," ಎಂದಳು ನಿಂಬೆವ್ವ. "ಮಗಳನ್ನೂ ಕಳಸಂಗಿಲ್ಲ."

ಜೋಳ ಕುದಿಸುವುದನ್ನು ಬಿಟ್ಟಳು. ಡಿಪೋದವರು ಬೇರೆ ಕಡೆ ಕುದಿಸಿಕೊಂಡರು. ಮಗಳನ್ನು ತಡೆಯುವುದು ಆಗಲಿಲ್ಲ. "ಇನ್ನ ಒಂಬೈನೂರು ಕಿಲೋಮೀಟರ್ ಅಷ್ಟಬೇ, ಈಗ ಬಿಟ್ರ ಎಲ್ಲಾ ಹೊಳ್ಯಾಗ ಹಾಕಿದಂಗ," ಎಂದು ಸುಗಲಾ ಹೊರಡುತ್ತಿದ್ದಳು. ಇಪ್ಪತ್ತು ವರ್ಷದ ಮಗಳನ್ನು ಕಟ್ಟಿಹಾಕಲು ಬರುತ್ತದೆಯೇ. ಒಂದು ಗುರುವಾರ ಅವಳು ಸ್ಟೂಲಿನಿಂದ ಕೆಳಗೆ ಬಿದ್ದಳು. ಇಬ್ಬರು ಹಿಡಿದುಕೊಂಡು ಮನೆಗೆ ತಂದು ಬಿಟ್ಟರು. ಎರಡು ದಿನ ರಜೆ.

ಆ ರಜೆಯ ಎರಡನೆಯ ದಿನವೇ ಚಂದ್ರಹಾಸ ಮತ್ತು ಶೈಲಾ ನಾಡಿಗರು ಒಂದು ತುಂಬಿದ ಬಸ್ಸಿನಲ್ಲಿ ಬಂದಿಳಿದರು. ಇಂಡಿ ಕಡೆಯ ಒಂದು ಮಠದ ಭಕ್ತರು, ನಲವತ್ತೆರಡು ಜನ, ಬಹುಪಾಲು ಅರವತ್ತು ದಾಟಿದವರು. ಬೇಸಿಗೆಯಲ್ಲಿ ಇಷ್ಟು ಬಾಯಿ ಸಿಕ್ಕಿದ್ದು ಚಂದ್ರಹಾಸನಿಗೆ ಲಾಟರಿ ಹೊಡೆದ ಹಾಗಿತ್ತು. ಆ ದಿನ ಬಸ್ಸಿನ ಹೊಟ್ಟೆಯಲ್ಲಿ ಮೂಲ ಹೆಪ್ಪು ಇತ್ತು. ಅದನ್ನು ರೈಲ್ವೆ ನಿಲ್ದಾಣಕ್ಕೆ ಮುಟ್ಟಿಸಿ, ಅಲ್ಲಿಂದ ಎಂಟು ರಾಜ್ಯಗಳ ಹೊಸ ಬಸ್ಸುಗಳಿಗೆ ಹಂಚಬೇಕಾಗಿತ್ತು. ನಲವತ್ತೆರಡು ಊಟಕ್ಕೆ ನಲವತ್ತೆರಡು ಕಿಲೋಮೀಟರ್ ಎಂದು ಕಂಪ್ಯೂಟರ್ ಲೆಕ್ಕ ಹಾಕಿ, ಕೆಂಗಲ್ಲು ಕ್ರಾಸ್ ಮುಟ್ಟಲು ಬೇಕಾದಷ್ಟೇ ತುಂಬಿಸಿ ಕಳಿಸಿತ್ತು.

ನಿಂಬೆವ್ವ ಬಡಿಸಿದಳು. ತಿಂಗಳುಗಳ ನಂತರ ಅವಳ ಕೈಗೆ ಬಡಿಸುವ ಸುಖ ತಿರುಗಿ ಬಂದಿತ್ತು. ಅವರು ಮಾತಿಲ್ಲದೆ ಉಂಡರು. ಸಾಕೆಂದಾಗ ತಾಟಿನ ಮೇಲೆ ಕೈ ಅಡ್ಡ ಹಿಡಿದರು. ಕೊನೆಯ ರೊಟ್ಟಿ ಚೂರಿನಿಂದ ತಾಟನ್ನು ಒರೆಸಿ ತಿಂದರು. ಆಮೇಲೆ ನಲವತ್ತೆರಡು ಜನವೂ ತಾಟಿಗೆ ಚೂರು ನೀರು ಹಾಕಿಕೊಂಡು, ಬೆರಳಿನಿಂದ ಸುತ್ತ ತೊಳೆದು, ಆ ನೀರನ್ನು ಎತ್ತಿ ಕುಡಿದರು. ತಾಟುಗಳು ಕನ್ನಡಿಯಾದವು.

ಬಸ್ಸಿನ ಬಾಯಿ ತೆರೆದು ಕಾಯುತ್ತಿತ್ತು. ತಕ್ಕಡಿ ಸೊನ್ನೆ ತೋರಿಸುತ್ತಿತ್ತು.

ಚಂದ್ರಹಾಸನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಎಂಜಲು ಎಲ್ಲಿ?" ಎಂದ.

"ಎಂಜಲಾನ?" ಎಂದಳು ಹಲ್ಲಿಲ್ಲದ ಒಬ್ಬ ಮುದುಕಿ. "ಉಂಡೇವಲ್ಲಪಾ ಎಲ್ಲಾ. ತಾಟಿನ್ಯಾಗ ಬಿಟ್ರ ನಮ್ಮತ್ತಿ ಬೆನ್ನಾಗ ಗುದ್ದತಿದ್ಳು."

"ಇಲ್ಲಾ ಅಜ್ಜಿ, ಬಿಡಬೇಕು. ಬಸ್ಸು ಅದರಿಂದಲೇ ಹೋಗೋದು. ಹೇಳಿರಲಿಲ್ವಾ ನಿಮಗೆ? ಇನ್ನೊಂದು ಸಲ ಕೂತ್ಕೊಳ್ಳಿ, ಎರಡೆರಡು ರೊಟ್ಟಿ. ನುಂಗೋದು ಬೇಡ, ಅಗಿದು ಉಗುಳಿ ಸಾಕು."

ಮುದುಕಿ ಪಕ್ಕದವರ ಮುಖ ನೋಡಿದಳು. ಅವರ ಹಿರಿಯರು, ಚನ್ನಬಸಯ್ಯ ಎಂಬ ಜಂಗಮರು, ತಾಟನ್ನು ಮಗುಚಿ ಇಟ್ಟು ಎದ್ದರು.

"ಉಂಡಿದ್ದನ್ನ ಪ್ರಸಾದ ಅಂತೀವ್ರಿ ನಾವು," ಎಂದರು. "ಉಗುಳಿ ಅಂತ ಯಾರೂ ಹೇಳಿರಲಿಲ್ಲ ನಮಗ ಇಲ್ಲೀತನಕ. ನಡಕೊಂತ ಹೋಗ್ತೀವಿ ಬಿಡ್ರಿ, ಸಂಜಿ ಆದ್ರ ಆತು." ಎಲ್ಲರೂ ಹೋಗಿ ಬೇವಿನ ನೆರಳಲ್ಲಿ ಕೂತುಕೊಂಡರು. ಜಗಳವಿಲ್ಲ, ಸಿಟ್ಟಿಲ್ಲ.

ಬಸ್ಸಿನ ದೀಪ ಹಳದಿಯಿಂದ ಕೆಂಪಾಗುತ್ತಿತ್ತು. ಡಿಪೋಗೆ ಫೋನು ಹೋಯಿತು. ಇನ್ನೊಂದು ಬಸ್ಸು ಬರಲು ಎರಡು ತಾಸು ಬೇಕು. ಈ ಬಿಸಿಲಲ್ಲಿ ಖಾಲಿ ಹೊಟ್ಟೆಯ ಹೆಪ್ಪು ಒಂದು ತಾಸೂ ಉಳಿಯದು ಎಂದರು ಶೈಲಾ ನಾಡಿಗರು. ಚಂದ್ರಹಾಸ ತಾನೇ ಒಂದು ರೊಟ್ಟಿ ಹರಿದು ಬಾಯಿಗಿಟ್ಟುಕೊಂಡ. ಅಗಿದ. ಬಸ್ಸಿನ ಬಾಯಿಗೆ ಬಗ್ಗಿ ಉಗುಳಿದ. ಒಳಗಿನಿಂದ ಬಂದ ಬೆಚ್ಚನೆಯ ಉಸಿರು ಮುಖಕ್ಕೆ ಬಡಿಯಿತು. ಎರಡನೆಯ ತುತ್ತಿಗೆ ಅವನ ಕಣ್ಣು ತೇಲಿದವು. ಮೂರನೆಯದಕ್ಕೆ ಓಡಿಹೋಗಿ ಪಂಕ್ಚರ್ ಅಂಗಡಿಯ ಹಿಂದೆ ವಾಂತಿ ಮಾಡಿಕೊಂಡ. ಸಣ್ಣ ಎರೆಹುಳದಂಥ ಒಂದು ಎಳೆ ಗದ್ದದಲ್ಲಿ ತೂಗುತ್ತ ವಾಪಸು ಬಂದ.

"ಏಳನೇ ಬಾಯಿ ಇಲ್ಲೇ ಇದೆಯಲ್ಲ," ಎಂದ, ಉಸಿರು ಎಳೆದುಕೊಳ್ಳುತ್ತ. "ಕರೀರಿ. ಅರ್ಧ ಗಂಟೆ ಸಾಕು."

"ಅಕಿ ರಜಾದಾಗ ಅದಾಳ," ಎಂದಳು ನಿಂಬೆವ್ವ.

"ನಿಂಬೆವ್ವ," ಎಂದರು ಶೈಲಾ ನಾಡಿಗರು ತಗ್ಗಿದ ದನಿಯಲ್ಲಿ. ಅವರ ಕಣ್ಣು ದೀಪದ ಮೇಲಿತ್ತು. "ಹನ್ನೆರಡು ವರ್ಷದ ಕೆಲಸ ಇದರ ಹೊಟ್ಟೇಲಿದೆ. ಇದೊಂದು ಸಲ. ನಾನೇ ನಿಂತು ನೋಡ್ಕೋತೀನಿ ಅವಳನ್ನ."

ನಿಂಬೆವ್ವ ಅವರ ಮುಖವನ್ನೇ ನೋಡಿದಳು. ಗಾಜಿನಾಚೆ ನಿಂತು ಬಾಯಿಗೆ ಕರವಸ್ತ್ರ ಒತ್ತಿಕೊಂಡದ್ದು ಇದೇ ಹೆಂಗಸು. ನೆಕ್ಕಿದ ರೊಟ್ಟಿಗಳು, ಉಗುಳಿನ ಪಂದ್ಯ, ಆ ನೊರೆ, ಇವೆಲ್ಲವನ್ನೂ ಕಂಡಾಗ ಆಗದಷ್ಟು ಹೇಸಿಗೆ ಆ ಮೃದುವಾದ ದನಿಯಿಂದ ಅವಳಿಗಾಯಿತು.

ಒಳಗೆ ಹಾಸಿಗೆಯ ಮೇಲಿದ್ದ ಸುಗಲಾ ಎಲ್ಲ ಕೇಳಿಸಿಕೊಂಡಿದ್ದಳು. ಬಾಗಿಲ ಚೌಕಟ್ಟು ಹಿಡಿದುಕೊಂಡು ಬಂದು ಕಟ್ಟೆಯ ಮೇಲೆ ಕೂತಳು. ಬಿಸಿಲಿಗೆ ಅವಳ ಕಿವಿಗಳು ತೆಳುವಾಗಿ ಕೆಂಪಗೆ ಕಂಡವು.

"ಬಿಡಬೇ," ಎಂದಳು. "ಅರ್ಧ ತಾಸಿನ ಮಾತು. ರೊಟ್ಟಿ ಕೊಡು."

"ಕೊಡ್ತೀನಿ," ಎಂದಳು ನಿಂಬೆವ್ವ.

ಅವಳು ವಾದ ಮಾಡಲಿಲ್ಲ. ಒಳಗೆ ಹೋಗಿ, ಹಂಚಿನ ಮೇಲಿನ ಬಿಸಿ ರೊಟ್ಟಿಯೊಂದನ್ನು ತೆಗೆದು, ಶೇಂಗಾ ಚಟ್ನಿ ಉದುರಿಸಿ, ಮೇಲೆ ಒಂದಿಷ್ಟು ಎಣ್ಣೆ ಹಾಕಿ ತಂದಳು. ಮಗಳ ಎದುರಿಗೆ, ಬಸ್ಸಿನ ಬಾಯಿಗೂ ಮಗಳಿಗೂ ನಡುವೆ, ನೆಲದ ಮೇಲೆ ಕೂತಳು. ಒಂದು ತುತ್ತು ಮುರಿದು ಅವಳ ಬಾಯಿಗಿಟ್ಟಳು.

ಸುಗಲಾ ಅಗಿದಳು. ನೋಟ ದೂರ ಹೋಯಿತು. ತುಟಿ ಅಲುಗದೆ ಎಣಿಕೆ ನಡೆದಿತ್ತು. ಅರ್ಧ ನಿಮಿಷಕ್ಕೆ ತಲೆ ಬಗ್ಗಿತು.

ನಿಂಬೆವ್ವ ಅಂಗೈ ಒಡ್ಡಿದಳು.

ತುತ್ತು ಅಂಗೈಯೊಳಗೆ ಬಿತ್ತು. ಬೂದುಬಣ್ಣದ ಮುದ್ದೆ, ಸುತ್ತ ನೊರೆ, ಒಂದು ಎಳೆ ಇನ್ನೂ ಮಗಳ ತುಟಿಗೆ ಅಂಟಿಕೊಂಡಿತ್ತು. ನಿಂಬೆವ್ವ ಆ ಎಳೆಯನ್ನು ಬೆರಳಿನಿಂದ ತುಂಡರಿಸಿದಳು. ಬಸ್ಸಿನ ಕಡೆ ತಿರುಗಲಿಲ್ಲ. ಅಂಗೈಯನ್ನು ತನ್ನ ಬಾಯಿಗೆ ಒಯ್ದು, ಅದನ್ನು ತಿಂದಳು.

"ಯವ್ವಾ," ಎಂದಳು ಸುಗಲಾ.

"ಹಲ್ಲ ಬರೂಕಿಂತ ಮೊದಲ ನಿನಗ ನಾ ಅಗದ ಕೊಡ್ತಿದ್ದೆ," ಎಂದಳು ನಿಂಬೆವ್ವ, ಬಾಯಿ ಒರೆಸಿಕೊಂಡು. "ಹೇಸ್ಲಿಲ್ಲ ನೀ. ಹಾಂ, ಬಾಯಿ ತೆಗಿ."

ಎರಡನೆಯ ತುತ್ತು. ಬೇವಿನ ನೆರಳಿನವರು ಎದ್ದು ಹತ್ತಿರ ಬಂದಿದ್ದರು. ಸುಗಲಾ ಅಗಿಯುತ್ತ ಅಗಿಯುತ್ತ ತಾಯಿಯ ಕೈ ನೋಡಿದಳು. ಈ ಸಲ ನೋಟ ದೂರ ಹೋಗಲಿಲ್ಲ. ತಲೆ ಬಗ್ಗಿಸದಿರಲು ಅವಳು ಮಾಡಿದ ಪ್ರಯತ್ನ ಕತ್ತಿನಲ್ಲಿ ಕಂಡಿತು. ಆದರೂ ಬಗ್ಗಿತು. ಮುದ್ದೆ ಬಿತ್ತು. ನಿಂಬೆವ್ವ ಅದನ್ನೂ ತಿಂದಳು, ನಿಧಾನವಾಗಿ, ಮಗಳ ಕಣ್ಣಿನಿಂದ ಕಣ್ಣು ತೆಗೆಯದೆ.

"ಬ್ಯಾಡಬೇ," ಎಂದಳು ಸುಗಲಾ. ಅವಳ ಕಣ್ಣಿಂದ ನೀರು ಹರಿಯುತ್ತಿತ್ತು. "ನೀ ಅದನ್ನ ತಿನ್ನಬ್ಯಾಡ."

"ನೀ ತಿಂದ್ರ ನಾ ಯಾಕ ತಿನ್ಲಿ?"

ಮೂರನೆಯ ತುತ್ತು. ಅರ್ಧ ನಿಮಿಷವಾಯಿತು. ಸುಗಲಾಳ ತಲೆ ಬಗ್ಗಲು ಹೊರಟಿತು. ಅವಳು ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು. ಭುಜಗಳು ಕುಲುಕಿದವು, ಗಂಟಲು ಮೇಲೆ ಬಂತು, ನಿಂತಿತು. ನಿಂಬೆವ್ವನ ಅಂಗೈ ಒಡ್ಡಿದಂತೆಯೇ ಇತ್ತು. ಬಸ್ಸಿನ ದೀಪ ಮಿಣುಕಿ ಮಿಣುಕಿ, ಒಂದು ಉದ್ದನೆಯ ಸದ್ದು ಮಾಡಿ ಆರಿತು. ಶೈಲಾ ನಾಡಿಗರು ಅತ್ತ ಒಂದು ಹೆಜ್ಜೆ ಇಟ್ಟು, ಅಲ್ಲಿಯೇ ನಿಂತುಬಿಟ್ಟರು.

ಸುಗಲಾಳ ಗಂಟಲು ಕೆಳಗೆ ಇಳಿಯಿತು.

ಅವಳು ಕೈ ತೆಗೆದಳು. ಬಾಯಿ ತೆರೆದು ತೋರಿಸಿದಳು, ಔಷಧಿ ಕುಡಿದ ಮಗು ತೋರಿಸುವ ಹಾಗೆ. ಖಾಲಿಯಿತ್ತು.

"ಖಾರ ಆಗೇತಿ ಚಟ್ನಿ," ಎಂದಳು, ಬಿಕ್ಕುತ್ತ. "ನೀರು ಕೊಡಬೇ."

ಹಲ್ಲಿಲ್ಲದ ಮುದುಕಿ ತನ್ನ ತಂಬಿಗೆಯನ್ನು ಮುಂದೆ ಚಾಚಿದಳು. ನಿಂಬೆವ್ವ ಅದನ್ನು ತೆಗೆದುಕೊಂಡು ಮಗಳ ಬಾಯಿಗೆ ಹಿಡಿದಳು. ಆಮೇಲೆ ಉಳಿದ ರೊಟ್ಟಿಯಿಂದ ಇನ್ನೊಂದು ತುತ್ತು ಮುರಿದಳು, ಮೊದಲಿನದಕ್ಕಿಂತ ಸಣ್ಣದು.